ಪದ ಪರಿಚಯ: ಮಿಸೊಫೋನಿಯ

ರಾಮನಾಥಪುರದ ಷಷ್ಠಿ ತೇರಿನ ಗದ್ದಲವನ್ನು ಸಲೀಸಾಗಿ ಸಹಿಸುವ ಕಿವಿ, ಪಕ್ಕದವರು ಸೊರ್ರೆಂದು ಕಾಫಿ ಹೀರಿದರೆ ಕೆರಳುವುದುಂಟು. ಇದೇ ಮಿಸೊಫೋನಿಯ. ಗ್ರೀಕಿನಲ್ಲಿ ‘ಮಿಸೋಸ್’ ಎಂದರೆ ದ್ವೇಷ, ‘ಫೋನೆ’ ಎಂದರೆ ದನಿ. 2001ರಲ್ಲಿ ಶ್ರವಣ ಸಂಶೋಧಕರಾದ ಯಾಸ್ಟ್ರೆಬಾಫ್ ದಂಪತಿ ಕೂಡಿಸಿದ ಪದ. ನಮ್ಮ ‘ಕಿವಿಗಡಚಿಕ್ಕು’ ಇಲ್ಲಿ ಸಲ್ಲದು, ಅದು ಸದ್ದಿನ ಜೋರನ್ನು ಹೇಳುತ್ತದೆ. ಇಲ್ಲಿ ತಂಟೆ ಜೋರಿನದಲ್ಲ. 2017ರಲ್ಲಿ ಬ್ರಿಟನ್ನಿನ ನ್ಯೂಕ್ಯಾಸಲ್‌ನ ಸುಖ್‌ಬಿಂದರ್ ಕುಮಾರ್ ತಂಡ ಸ್ಕ್ಯಾನ್ ಮಾಡಿ ನೋಡಿದಾಗ, ಅಗಿಯುವ, ಉಸಿರಾಡುವ ಸದ್ದಿಗೆ ಇಂಥವರ ಮಿದುಳಿನ ಇನ್ಸುಲ ಭಾಗ ಅತಿಯಾಗಿ ಸ್ಪಂದಿಸುತ್ತಿತ್ತು, ಎದೆಬಡಿತವೂ ಏರುತ್ತಿತ್ತು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಸಂಶೋಧಕರೂ ವಿದ್ಯಾರ್ಥಿಗಳಲ್ಲಿ ಇದನ್ನು ಅಧ್ಯಯನ ಮಾಡಿದ್ದಾರೆ. ‘ಸದ್ದುದ್ವೇಷ’ ಎಂಬ ಅನುವಾದಕ್ಕೆ ನನ್ನ ಒಪ್ಪಿಗೆಯಿಲ್ಲ; ಈ ಸಿಟ್ಟು ಯಾರೂ ಬೇಕೆಂದು ತಂದುಕೊಂಡದ್ದಲ್ಲ. ಬದನೆಕಾಯಿ ಆಗಿಬರಲ್ಲ ಅನ್ನುವ ಹಾಗೆ, ‘ಆ ಸದ್ದು ಆಗಿಬರಲ್ಲ’ ಅನ್ನುವುದೇ ಸರಿ.