ಮುಗಿಯಿತು, ಆದರೆ ತೀರಲಿಲ್ಲ

ಮೈಸೂರಿನ ಜಂಬೂಸವಾರಿ ಬನ್ನಿಮಂಟಪಕ್ಕೆ ಬಂದು ಮುಗಿಯುತ್ತದೆ. ಶ್ರೀರಂಗಪಟ್ಟಣದ ಜಂಬೂಸವಾರಿ ಬನ್ನಿಮಂಟಪದಿಂದ ಹೊರಡುತ್ತದೆ. ಈ ಎರಡನೆಯ ಬನ್ನಿಮಂಟಪ ಇರುವುದು ಪಟ್ಟಣದ ಪಕ್ಕದ ಕಿರಂಗೂರಿನಲ್ಲಿ. ಮೈಸೂರಿನವರಿಗೆ ಬನ್ನಿಮಂಟಪ ಎಂದರೆ ಪಂಜಿನ ಕವಾಯತು, ಪಟಾಕಿ, ಹಬ್ಬದ ಕೊನೆ. ಕಿರಂಗೂರಿನವರಿಗೆ ಅದು ಆನೆ ಹೊರಡುವ ಜಾಗ. ಅಲ್ಲಿ ಪೂಜೆಯಾದ ಮೇಲೆ ಅಂಬಾರಿ ಹೊತ್ತ ಆನೆ, ಹಿಂದೆ ಮುಂದೆ ಕಲಾತಂಡ, ಎಲ್ಲ ಸೇರಿ ರಂಗನಾಥಸ್ವಾಮಿ ದೇವಸ್ಥಾನದ ಕಡೆಗೆ ಹೆಜ್ಜೆ ಹಾಕುತ್ತವೆ. 1610ರಲ್ಲಿ ರಾಜ ಒಡೆಯರು ವಿಜಯನಗರದ ನವರಾತ್ರಿಯನ್ನು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. 1799ರ ನಂತರ ರಾಜಧಾನಿ ಮೈಸೂರಿಗೆ ಹೋಯಿತು, ದಸರೆಯೂ ಅದರ ಹಿಂದೆ ಹೋಯಿತು. ಹೋದದ್ದು ಮುಗಿಯಿತು ಎಂದುಕೊಂಡಿದ್ದವರ ಕಣ್ಣೆದುರಿಗೇ ಈಗ ಮತ್ತೆ ಕೆಲವು ದಿನಗಳ ಮಟ್ಟಿಗೆ ಪಟ್ಟಣದ ದಸರೆ ನಡೆಯುತ್ತಿದೆ.

‘ಮುಗಿ’ ಎಂಬ ನಮ್ಮ ಕ್ರಿಯಾಪದದ ಸ್ವಭಾವವೇ ಹೀಗೆ. ಇಂಗ್ಲಿಷಿನ ‘ಎಂಡ್’, ‘ಫಿನಿಶ್’ ಎರಡಕ್ಕೂ ಶಾಲೆಯಲ್ಲಿ ಕಲಿಸುವ ಅರ್ಥ ‘ಮುಗಿ’. ಪರೀಕ್ಷೆಯಲ್ಲಿ ಅಂಕ ಸಿಗುವುದಕ್ಕೆ ಅಷ್ಟು ಸಾಕು. ಆದರೆ ಬಳಕೆಯಲ್ಲಿ ನೋಡಿ. ಮನೆ ಕಟ್ಟುವಾಗ ಗಾರೆ ಮೇಸ್ತ್ರಿ ಬಂದು, ತಲೆಗೆ ಸುತ್ತಿದ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡು, “ಕೆಲ್ಸ ಎಲ್ಲಾ ಮುಗುದದೆ ಸಾ, ಫಿನಿಶಿಂಗ್ ಒಂದು ಬಾಕಿ” ಅನ್ನುತ್ತಾನೆ. ಇಂಗ್ಲಿಷ್ ಬಲ್ಲವರು ನಗಬಹುದು. ಮೇಸ್ತ್ರಿಯ ಮಾತಿನಲ್ಲಿ ತಪ್ಪೇನೂ ಇಲ್ಲ. ಅವನ ‘ಮುಗಿ’ ಬೇರೆ, ಅವನ ‘ಫಿನಿಶಿಂಗ್’ ಬೇರೆ. ಇಟ್ಟಿಗೆ, ಸಿಮೆಂಟು, ಕಲಸು, ಹೊರು, ಇದು ಮುಗಿದಿದೆ. ಕಿಟಕಿಯ ಮೂಲೆಗೆ ಕರಣೆ ಆಡಿಸಿ, ಸ್ಪಾಂಜು ಎಳೆದು, ಬೆರಳಿಗೆ ಒರಟು ಸಿಕ್ಕದ ಹಾಗೆ ಮಾಡುವುದು ಫಿನಿಶಿಂಗ್. ದರ್ಜಿಯ ಅಂಗಡಿಯಲ್ಲೂ ಹೀಗೇ, ಕಾಜಾ ಗುಂಡಿ ಆಗುವ ತನಕ ಫಿನಿಶಿಂಗ್ ಬಾಕಿ. ಇಂಗ್ಲಿಷಿನ ಪದ ನಮ್ಮೂರಿಗೆ ಬಂದು, ಕೊನೆ ಎಂಬ ಅರ್ಥ ಬಿಟ್ಟು ನಯ ಎಂಬ ಅರ್ಥ ಹಿಡಿದು ಕೂತುಬಿಟ್ಟಿದೆ. ಇನ್ನೊಂದು ಕಡೆ ಅದಕ್ಕೆ ರೌಡಿ ವೇಷ: “ಫಿನಿಶ್ ಮಾಡ್ಬುಡ್ತೀನಿ” ಎಂದರೆ ಅಲ್ಲಿ ನಯದ ಮಾತೇ ಇಲ್ಲ.

‘ಎಂಡ್’ ಮಾತ್ರ ಮಂಡ್ಯದ ಕಡೆ ಅಷ್ಟಾಗಿ ಊರಲಿಲ್ಲ. ಕಾರಣ ನನ್ನ ಊಹೆ, ನಂಬಬೇಕೆಂದಿಲ್ಲ. ಹಕಾರವನ್ನು ನುಂಗುವ ಸೀಮೆಯಲ್ಲಿ ಹೆಂಡವೂ ‘ಎಂಡ’ವೇ, ಹೆಂಡತಿಯೂ ‘ಎಂಡ್ತಿ’ಯೇ. ಎಲ್ಲದಕ್ಕೂ ‘ಎಂಡ್’ ಎಂದರೆ ಮನೆಯಲ್ಲಿ ಅಪಾರ್ಥ ಖಂಡಿತ.

‘ಮುಗಿ’ಯ ಹಳೆಯ ಅರ್ಥ ಮಡಿಸಿಕೊಳ್ಳುವುದು, ಮುಚ್ಚಿಕೊಳ್ಳುವುದು. ಸಂಜೆ ತಾವರೆ ಮುಗಿಯುತ್ತದೆ. ದೇವರ ಮುಂದೆ ನಾವು ಕೈ ಮುಗಿಯುತ್ತೇವೆ. ಮೊಗ್ಗನ್ನು ಹೇಳುವ ‘ಮುಗುಳು’ ಇದೇ ಬಳಗದ್ದು, ಮುಗುಳುನಗೆಯೂ ಅಲ್ಲಿಂದಲೇ. ಅಂದರೆ ಕನ್ನಡಿಗನಿಗೆ ಮೊದಲು ಕಂಡ ‘ಮುಗಿಯುವುದು’ ಹೂವಿನದು, ಅಂಗೈಯದು. ಎರಡೂ ಮತ್ತೆ ತೆರೆದುಕೊಳ್ಳುವಂಥವು. ಕೆಲಸ, ಕತೆ, ಹಬ್ಬ ಇವುಗಳಿಗೆ ಆ ಮಾತು ಅಂಟಿದ್ದು ಆಮೇಲೆ. ಪಾಂಡವಪುರ, ಶ್ರೀರಂಗಪಟ್ಟಣದ ಕಬ್ಬಿನ ರೈತನಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. “ಕಟಾವು ಮುಗೀತು” ಎಂದ ಗದ್ದೆಯಲ್ಲಿ ಬುಡ ಹಾಗೇ ಇರುತ್ತದೆ, ನೀರು ಕಂಡರೆ ಕೂಳೆ ಚಿಗುರುತ್ತದೆ, ಬಿತ್ತನೆಯ ಖರ್ಚಿಲ್ಲದೆ ಇನ್ನೊಂದು ಬೆಳೆ ಬರುತ್ತದೆ. ಕೂಳೆಯನ್ನೂ ಕಿತ್ತು ಉತ್ತುಬಿಟ್ಟರೆ ಮಾತ್ರ ಆ ಕಬ್ಬಿನ ಕತೆ ಪೂರ್ತಿ ಆದಂತೆ.

ಹಾಗೆ ಪೂರ್ತಿ ಆಗುವುದಕ್ಕೆ ನಮ್ಮಲ್ಲಿ ಬೇರೆ ಕ್ರಿಯಾಪದ ಇದೆ: ತೀರು.

ಸಾಲ ಮುಗಿಯುವುದಿಲ್ಲ, ತೀರುತ್ತದೆ. ಹರಕೆ ತೀರುತ್ತದೆ, ದಾಹ ತೀರುತ್ತದೆ, ಹಟ ತೀರುತ್ತದೆ, ಡಬ್ಬದ ಸಕ್ಕರೆ ತೀರುತ್ತದೆ. ಎಲ್ಲಿ ಕೊಡುವುದು ಪಡೆಯುವುದು ಇದೆಯೋ, ಎಲ್ಲಿ ಅಳತೆ ಇದೆಯೋ ಅಲ್ಲೆಲ್ಲ ಇದರದೇ ಕಾರುಬಾರು. ಆದ್ದರಿಂದಲೇ ನ್ಯಾಯಾಲಯದಲ್ಲಿ ತೀರ್ಪು, ಪಂಚಾಯಿತಿಯಲ್ಲಿ ತೀರ್ಮಾನ, ಹಳೆಯ ಲೆಕ್ಕಪತ್ರದಲ್ಲಿ ಸುಂಕಕ್ಕೆ ತೀರುವೆ, ಬ್ಯಾಂಕಿನಲ್ಲಿ ಸಾಲ ತೀರುವಳಿ. (ನದೀತೀರದ ತೀರ ಸಂಸ್ಕೃತದ್ದು, ಈ ಮನೆತನದ್ದಲ್ಲ.) ರೈತರ ಬಾಯಲ್ಲಿ ಇದರ ಬಳಕೆ ಎಷ್ಟು ನಿಖರ ಎಂದರೆ, ಸೊಸೈಟಿಯಲ್ಲಿ ಬೆಳೆಸಾಲ ಕಟ್ಟಿ ಮತ್ತೆ ಹೊಸ ಸಾಲ ಪಡೆದವನು “ಸಾಲ ತೀರ್ತು” ಅನ್ನುವುದಿಲ್ಲ. “ಸಾಲ ಕಟ್ದೆ” ಅನ್ನುತ್ತಾನೆ. ಕಟ್ಟುವುದಕ್ಕೂ ತೀರುವುದಕ್ಕೂ ಇರುವ ದೂರ ಅವನಿಗೆ ಗೊತ್ತು. ತೀರುವುದಿಲ್ಲ ಎಂಬುದಕ್ಕೂ ಈ ಪದವೇ ಬೇಕು, ಆ ಸಂತೋಷ ಹೇಳತೀರದು. ಛಲಕ್ಕೂ ಇದೇ ಬೇಕು, ಮಾಡಿಯೇ ತೀರುತ್ತೇನೆ.

ಕಿರಂಗೂರಿನ ಸುತ್ತಲ ನೆಲದಲ್ಲೇ ಈ ಎರಡು ಕ್ರಿಯಾಪದಗಳ ವ್ಯತ್ಯಾಸ ಇತಿಹಾಸವಾಗಿ ನಡೆದುಹೋಗಿದೆ. 1792ರ ಮಾರ್ಚ್‌ನಲ್ಲಿ ಶ್ರೀರಂಗಪಟ್ಟಣದ ಒಪ್ಪಂದ ಆಯಿತು. ಮೂರನೆಯ ಮೈಸೂರು ಯುದ್ಧ ಮುಗಿಯಿತು. ಟಿಪ್ಪು ಸುಲ್ತಾನ್ ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿದ. ಹಣ ಪೂರ್ತಿ ಸಲ್ಲುವವರೆಗೆ ಇಬ್ಬರು ಗಂಡುಮಕ್ಕಳನ್ನು ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಬಳಿ ಒತ್ತೆ ಇಟ್ಟ. ಹಣ ಸಂದಿತು, 1794ರಲ್ಲಿ ಮಕ್ಕಳು ಮರಳಿದರು, ಬಾಕಿ ತೀರಿತು. ಆದರೆ ದ್ವೇಷ? ಅದು ತೀರಲಿಲ್ಲ. 1799ರ ಮೇ 4ರಂದು ಕೋಟೆಯ ಗೋಡೆ ಒಡೆದು ಒಳನುಗ್ಗಿದವರ ಎದುರು ಟಿಪ್ಪು ಸತ್ತ. ಯುದ್ಧ ಮುಗಿದು ಏಳು ವರ್ಷವಾದ ಮೇಲೆ ಆ ಲೆಕ್ಕ ತೀರಿದ್ದು. ಇಂಗ್ಲಿಷಿನಲ್ಲಿ ಬರೆದ ಚರಿತ್ರೆಗಳಲ್ಲಿ ಎರಡಕ್ಕೂ ‘ಎಂಡ್’ ಎಂದೇ ಇರುತ್ತದೆ. ಅದನ್ನು ಕನ್ನಡಕ್ಕೆ ತಂದವರು ಎರಡನ್ನೂ ‘ಅಂತ್ಯ’ ಎಂದು ಬರೆದುಬಿಡುತ್ತಾರೆ.

ಸಾವಿಗೆ ನಾವು ಆರಿಸಿಕೊಂಡದ್ದೂ ಈ ಪದವನ್ನೇ. ತೀರಿಕೊಂಡರು. ಇದರಲ್ಲಿರುವ ‘ಕೊಳ್ಳು’ವನ್ನು ಸ್ವಲ್ಪ ಗಮನಿಸಿ. ತೀರಿದರು ಅಲ್ಲ, ತೀರಿಸಲ್ಪಟ್ಟರು ಅಂತೂ ಅಲ್ಲ. ತಮ್ಮ ಪಾಲಿನದನ್ನು ತಾವೇ ಚುಕ್ತಾ ಮಾಡಿಕೊಂಡರು ಎಂದು ನನ್ನ ಕಿವಿಗೆ ಕೇಳುತ್ತದೆ. ಅನ್ನದ ಋಣ ತೀರಿತು ಎಂಬ ಮಾತೂ ಜೊತೆಗೇ ಬರುತ್ತದೆ. ಕಾಲವಾದರು, ಹೋಗಿಬಿಟ್ಟರು, ಶಿವನ ಪಾದ ಸೇರಿದರು, ಲಿಂಗೈಕ್ಯರಾದರು, ವೈಕುಂಠವಾಸಿಗಳಾದರು, ಹೀಗೆ ಪಟ್ಟಿ ದೊಡ್ಡದು, ಜಾತಿಗೊಂದು ಮಠಕ್ಕೊಂದು. ಆದರೆ ಮನೆಯ ಜಗಲಿಯ ಮೇಲೆ, ಫೋನಿನಲ್ಲಿ, ಬಸ್ಸಿನಲ್ಲಿ ಎಲ್ಲರಿಗೂ ಒದಗುವುದು ‘ತೀರ್ಕೊಂಡ್ರು’ ಒಂದೇ. ಮನುಷ್ಯರ ಸಾವಿಗೆ ‘ಮುಗಿದರು’ ಎಂದು ಯಾರೂ ಗೌರವದಿಂದ ಹೇಳುವುದಿಲ್ಲ. “ಅವನ ಕತೆ ಮುಗೀತು” ಎಂದರೆ ಅದರಲ್ಲಿ ಸಣ್ಣ ಕಹಿ ಇದ್ದೇ ಇರುತ್ತದೆ.

ಪಟ್ಟಣದ ಪಶ್ಚಿಮವಾಹಿನಿಗೆ ಹೋದರೆ ಈ ತೀರುವಳಿಯನ್ನು ಹತ್ತಿರದಿಂದ ನೋಡಬಹುದು. ಇಲ್ಲಿ ಕಾವೇರಿ ಪಶ್ಚಿಮಕ್ಕೆ ತಿರುಗಿ ಹರಿಯುತ್ತಾಳೆ ಎಂಬ ಕಾರಣಕ್ಕೆ ಅಸ್ಥಿ ಬಿಡಲು ದೂರದೂರದಿಂದ ಬರುತ್ತಾರೆ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮವನ್ನೂ ಇಲ್ಲಿ ಬಿಟ್ಟರು. ಬೋಳಿಸಿದ ತಲೆ, ಒದ್ದೆ ಪಂಚೆ, ಬಾಳೆ ಎಲೆಯ ಮೇಲೆ ಅನ್ನದ ಪಿಂಡ, ದರ್ಭೆ, ಬೊಗಸೆಯಲ್ಲಿ ಕಪ್ಪು ಎಳ್ಳು. ಪುರೋಹಿತರು ಹೇಳಿದಾಗ ಹೆಬ್ಬೆರಳಿನ ಪಕ್ಕದಿಂದ ಎಳ್ಳು ಬೆರೆತ ನೀರು ಜಾರುತ್ತದೆ. ಅಲ್ಲಿಂದ ಎರಡು ಹೆಜ್ಜೆ ಆಚೆ, ಟೀ ಅಂಗಡಿಯಲ್ಲಿ, ಯಾರೋ ಯಾರಿಗೋ ಕೊಟ್ಟ ಕೈಸಾಲದ ಬಗ್ಗೆ ಹೇಳುತ್ತಿರುತ್ತಾರೆ, “ಆ ದುಡ್ಡಿಗೆ ಎಳ್ಳುನೀರು ಬುಟ್ಟಂಗೇ.” ನುಡಿಗಟ್ಟು ಹುಟ್ಟಿದ ಮೆಟ್ಟಿಲಿಗೂ ಅದು ಓಡಾಡುವ ಬೆಂಚಿಗೂ ಇಷ್ಟು ಸಮೀಪ ಇರುವ ಜಾಗ ಬೇರೆ ಇದ್ದೀತೆ? ವ್ಯತ್ಯಾಸ ಇಷ್ಟೆ, ನದಿಯಲ್ಲಿ ನಿಂತವನು ಬಾಕಿ ಸಲ್ಲಿಸುತ್ತಿದ್ದಾನೆ, ಬೆಂಚಿನ ಮೇಲೆ ಕೂತವನು ಬರಬೇಕಾದ ಬಾಕಿಯ ಆಸೆ ಬಿಟ್ಟಿದ್ದಾನೆ.

ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಚಿತ್ರೀಕರಿಸಿದ ‘ತಿಥಿ’ ಸಿನಿಮಾ 2016ರಲ್ಲಿ ತೆರೆ ಕಂಡಾಗ ಇಡೀ ನಾಡು ಸೆಂಚುರಿ ಗೌಡನ ಬೈಗುಳಕ್ಕೆ ನಕ್ಕಿತು. ಆ ಅಜ್ಜ ಸಾಯುವುದು ಮೊದಲ ಕೆಲವು ನಿಮಿಷಗಳಲ್ಲೇ. ಉಳಿದ ಸಿನಿಮಾ ಪೂರ್ತಿ ಹನ್ನೊಂದನೇ ದಿನದ ತಿಥಿಯ ತನಕ ತೀರಿಸಬೇಕಾದ್ದರ ಕತೆ: ಅಜ್ಜನ ಹೆಸರಿನ ಜಮೀನು, ಲೋಕದ ಗೊಡವೆ ಬಿಟ್ಟ ಮಗ ಗಡ್ಡಪ್ಪ, ಕಾಗದಪತ್ರದ ಹಿಂದೆ ಓಡುವ ಮೊಮ್ಮಗ. ನಟರಲ್ಲದ ಹಳ್ಳಿಯ ಜನರನ್ನೇ ಹಾಕಿಕೊಂಡು ಮಾಡಿದ ಆ ಚಿತ್ರ ನನ್ನ ಮಟ್ಟಿಗೆ ‘ತೀರು’ ಧಾತುವಿನ ಮೇಲೆ ಬಂದಿರುವ ಅತ್ಯುತ್ತಮ ವ್ಯಾಖ್ಯಾನ.

ಇನ್ನು ‘ನಿಲ್ಲು’, ‘ಕಟ್ಟು’. ಇಂಗ್ಲಿಷಿನ ‘ಸ್ಟಾಪ್’ ಮೂಲದಲ್ಲಿ ತೂತಿಗೆ ನಾರು ತುರುಕಿ ಮುಚ್ಚುವ ಕೆಲಸವಂತೆ, ನಿಘಂಟುಕಾರರು ಹಾಗೆನ್ನುತ್ತಾರೆ. ಕನ್ನಂಬಾಡಿ ಕಟ್ಟೆಯ ಕೆಳಗಿನ ಗದ್ದೆ ಬಯಲಿನಲ್ಲಿ ದಿನಾ ನಡೆಯುವುದೂ ಅದೇ: ಬದುವಿನ ಬಾಯಿಗೆ ಒಂದು ಗುದ್ದಲಿ ಮಣ್ಣು, ಒಂದು ಹಿಡಿ ಹುಲ್ಲು. ಆದರೆ ನಮ್ಮವರು ಆ ಕೆಲಸಕ್ಕೆ ಹೊರಟಾಗ “ನೀರು ಕಟ್ಟಕ್ಕೆ ಹೋಯ್ತೀನಿ” ಅನ್ನುವುದು ನೀರು ನಿಲ್ಲಿಸಲಿಕ್ಕಲ್ಲ, ಬೆಳೆಗೆ ನೀರು ಹಾಯಿಸಲಿಕ್ಕೆ! ಒಂದು ಕಡೆ ಕಟ್ಟಿದರೆ ತಾನೆ ಇನ್ನೊಂದು ಕಡೆ ಹರಿಯುವುದು. ಅಣೆಕಟ್ಟೆಯ ನೀರು 124.80 ಅಡಿಯ ಪೂರ್ಣ ಮಟ್ಟ ಮುಟ್ಟದ ವರ್ಷಗಳಲ್ಲಿ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರೆ, ಇಷ್ಟು ದಿನ ಹರಿವು, ಇಷ್ಟು ದಿನ ನಿಲುಗಡೆ. ಆಗ ‘ನಿಂತದೆ’ ಎಂಬ ಮಾತು ಕೇಳಿದರೆ ರೈತ ‘ಯಾವಾಗ ಬುಟ್ಟಾರು’ ಎಂದು ಕೇಳುತ್ತಾನೆಯೇ ಹೊರತು ‘ಮುಗೀತಾ’ ಎಂದು ಕೇಳುವುದಿಲ್ಲ.

ಊಟದ ಮಾತಿಗೆ ಇವು ಯಾವುವೂ ಬರುವಂತಿಲ್ಲ. “ಊಟ ಆಯ್ತಾ?” ಅಷ್ಟೆ. “ಊಟ ಮುಗೀತಾ?” ಎಂದರೆ ಏಳು ಇನ್ನು ಎಂದ ಹಾಗೆ. ಕೊನೆಯನ್ನು ಬಾಯಿಬಿಟ್ಟು ಹೇಳದಿರುವುದೇ ಇಲ್ಲಿ ರೂಢಿ. ಮನೆಯಿಂದ ಹೊರಡುವವರು ಹೋಗ್ತೀನಿ ಅನ್ನಬಾರದು, ಬತ್ತೀನಿ ಅನ್ನಬೇಕು. ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು. ಕಲ್ಲಿನ ಮೇಲೆ ಕೊರೆಸಿದವರೂ ಇಂಥ ಜಾಣರೇ. ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದ ಶಾಸನಗಳು ‘ಎಪಿಗ್ರಾಫಿಯ ಕರ್ನಾಟಿಕ’ದ ಪರಿಷ್ಕೃತ ಆವೃತ್ತಿಯ ಆರನೇ ಸಂಪುಟದಲ್ಲಿವೆ. ದಾನದ ವಿವರ, ಗಡಿಗಳ ವಿವರ, ದಾನ ಕೆಡಿಸಿದವನಿಗೆ ಗಂಗೆಯ ದಡದಲ್ಲಿ ಹಸು ಕೊಂದ ಪಾಪ ಬರಲಿ ಎಂಬ ಘೋರ ಶಾಪ, ಇಷ್ಟೆಲ್ಲ ಆದ ಮೇಲೆ ಬರುವುದು ಮಂಗಳ ಮಹಾಶ್ರೀ. ಹರಿಕತೆಯ ಮಂಗಳ, ಹಳೆಯ ಸಿನಿಮಾದ ‘ಶುಭಂ’ ಎಲ್ಲ ಆ ವಂಶದವೇ.

ಇಷ್ಟೊಂದು ಮಾತುಗಳು ಇರುವಾಗ ಈಚೆಗೆ ಎಲ್ಲೆಡೆ ಕಾಣುವುದು ಒಂದೇ ಮಾತು: ಕೊನೆಗೊಳಿಸು. ಫೋನಿಟ್ಟರೆ ಕರೆ ಕೊನೆಗೊಂಡಿದೆ. ಸರ್ಕಾರದ ಪತ್ರದಲ್ಲಿ ಸೇವೆಯನ್ನು ಕೊನೆಗೊಳಿಸಲಾಗಿದೆ. ಅರ್ಜಿಯ ಗಡುವು ಕೊನೆಗೊಂಡಿದೆ, ಮುಷ್ಕರ ಕೊನೆಗೊಂಡಿದೆ, ಬರಗಾಲವೂ ಕೊನೆಗೊಂಡಿದೆ. ಪಾಪ, ‘ಕೊನೆ’ಯ ತಪ್ಪೇನೂ ಇಲ್ಲ. ಕೊಂಬೆಯ ಕೊನೆ ಎಂದರೆ ತುದಿ, ಚಿಗುರು ಮೂಡುವ ಜಾಗ. ಇಂಗ್ಲಿಷಿನ ‘ಟರ್ಮಿನೇಟ್’ ಬಂದದ್ದು ಗಡಿ, ಗಡಿಕಲ್ಲು ಎಂಬರ್ಥದ ಲ್ಯಾಟಿನ್ ಪದ ಟರ್ಮಿನಸ್‌ನ ಕಡೆಯಿಂದ, ಅಲ್ಲಿಂದಾಚೆ ಕಾಲಿಡಬೇಡ ಎನ್ನುವ ಪದ ಅದು. ಆ ಗಡಿಕಲ್ಲನ್ನು ತಂದು ನಮ್ಮ ಚಿಗುರಿನ ತುದಿಗೆ ಕಟ್ಟಿದ್ದಾರೆ, ಭಾರಕ್ಕೆ ಬಗ್ಗಿದೆ.

ಆಪ್‌ಗಳಿಗೆ ಕನ್ನಡ ಬರೆಯುವವರು, ಕಚೇರಿಯ ಸುತ್ತೋಲೆ ಬರೆಯುವವರು, ಪತ್ರಿಕೆಯ ತಲೆಬರಹ ಕೊಡುವವರು ‘ಕೊನೆಗೊಳಿಸಿ’ ಎಂದು ಟೈಪು ಮಾಡುವ ಮೊದಲು ಒಂದು ಗಳಿಗೆ ಯೋಚಿಸಬೇಕು: ಇದು ಮುಗಿದದ್ದೋ, ತೀರಿದ್ದೋ, ನಿಂತದ್ದೋ? ಕರೆ ಮುಗಿಯುತ್ತದೆ, ಗಡುವು ತೀರುತ್ತದೆ, ಮುಷ್ಕರ ನಿಲ್ಲುತ್ತದೆ. ಮೂರೂ ಅಲ್ಲ ಅನ್ನಿಸಿದರೆ ‘ಆಯಿತು’ ಎಂದು ಬರೆಯಿರಿ, ಎಲ್ಲರಿಗೂ ತಿಳಿಯುತ್ತದೆ.