ಜಾಮೀನು ನಿಲ್ಲುವವರು ಯಾರು?



ಅಂಧೇರಿ ಬಿಟ್ಟ ಸ್ಲೋ ಲೋಕಲ್ ನಿಲ್ಲುವ ಮುಂದಿನ ನಿಲ್ದಾಣ ಜೋಗೇಶ್ವರಿ. ನಿಮ್ಮಲ್ಲಿ ಅನೇಕರು ದಿನವೂ ಅಲ್ಲಿ ಹತ್ತಿ ಇಳಿಯುವವರೇ. ಪೂರ್ವಕ್ಕೆ ಹೊರಬಿದ್ದರೆ ಆರನೆಯ ಶತಮಾನದ ಗುಹಾಲಯ, 1930ರಲ್ಲಿ ಶುರುವಾದ ಇಸ್ಮಾಯಿಲ್ ಯೂಸುಫ್ ಕಾಲೇಜು, ಅವುಗಳ ಸುತ್ತ ಗುಡ್ಡದ ಇಳಿಜಾರಿಗೆ ಅಂಟಿಕೊಂಡ ಚಾಳುಗಳು. ಇಲ್ಲಿ ನೆಲೆ ನಿಂತವರಲ್ಲಿ ಹೆಚ್ಚಿನವರು ಬೇರೆ ಊರುಗಳಿಂದ ಹೊಟ್ಟೆಪಾಡಿಗೆಂದು ಬಂದವರು. ಹಾಗೆ ಬಂದವನಿಗೆ ಕಷ್ಟ ಎದುರಾದಾಗ "ಇವನನ್ನು ನಾನು ಬಲ್ಲೆ" ಎಂದು ಹೇಳುವವರು ಯಾರು? ಈ ಬಾರಿ ಆ ಪ್ರಶ್ನೆಯ ಹಿಂದೆ ಸ್ವಲ್ಪ ದೂರ ಹೋಗಿ ಬರೋಣ.

ಮುಂಬಯಿಗೆ ಬಂದ ನಮ್ಮ ಹಿರಿಯರಿಗೆ ಮೊದಲು ಜಾಮೀನು ನಿಂತದ್ದು ಸರಕಾರವಲ್ಲ, ಸಮಾಜದ ಸಂಘಗಳು. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಅದರ ರಾತ್ರಿ ಶಾಲೆ ಆರಂಭವಾದದ್ದು 1908ರಲ್ಲಿ. ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಶನ್ 1932ರಲ್ಲಿ ಸ್ಥಾಪನೆಗೊಂಡವು. ಹಗಲಿಡೀ ಹೋಟೆಲಿನಲ್ಲಿ ಟೇಬಲ್ ಒರೆಸಿ, ಕ್ಯಾಂಟೀನಿನಲ್ಲಿ ಲೋಟ ತೊಳೆದ ಹುಡುಗರು ಸಂಜೆ ಕೈ ಒರೆಸಿಕೊಂಡು ರಾತ್ರಿ ಶಾಲೆಯ ಬೆಂಚಿನಲ್ಲಿ ಕುಳಿತರು. ಮೆಟ್ರಿಕ್ ಮುಗಿಸಿ ಗುಮಾಸ್ತರಾದರು, ವಕೀಲರಾದರು, ಕೆಲವರು ತಾವೇ ಹೋಟೆಲಿನ ಧಣಿಗಳಾದರು. ಬೆಳೆದವರು ಸಂಘಕ್ಕೆ ಮರಳಿ ಬಂದು ಮುಂದಿನ ಹುಡುಗರ ಶುಲ್ಕ ಕಟ್ಟಿದರು.

ಸಾಲದ ವಿಷಯವೂ ಹಾಗೆಯೇ. ಅಡವಿಡಲು ಏನೂ ಇಲ್ಲದವನಿಗೆ ಬ್ಯಾಂಕಿನ ಬಾಗಿಲು ತೆರೆಯುವುದು ಕಷ್ಟ. ಸಹಕಾರಿ ಬ್ಯಾಂಕಿನಲ್ಲಾದರೆ ಪರಿಚಯದ ಸದಸ್ಯನೊಬ್ಬ ಜಾಮೀನು ಸಹಿ ಹಾಕಬಹುದು. ಬಿಲ್ಲವ ಸಮಾಜದ ಮುಂದಾಳುಗಳು 1978ರಲ್ಲಿ ಕಟ್ಟಿದ ಭಾರತ್ ಕೋ-ಆಪರೇಟಿವ್ ಬ್ಯಾಂಕಿನ ಕೇಂದ್ರ ಕಚೇರಿ ಇರುವುದು ಜೋಗೇಶ್ವರಿಯ ಪಕ್ಕದ ಗೋರೆಗಾಂವ್‌ನಲ್ಲಿ. ಬಂಟರ ಸಂಘಕ್ಕೆ ಜೋಗೇಶ್ವರಿ-ದಹಿಸರ್ ಪ್ರಾದೇಶಿಕ ಸಮಿತಿಯೇ ಇದೆ. ಮಕ್ಕಳ ಶಾಲಾ ಶುಲ್ಕ, ಆಸ್ಪತ್ರೆಯ ಖರ್ಚು, ವಿಧವೆಯರ ನೆರವು ಇವೆಲ್ಲ ಇಂಥ ಸಂಘಗಳ ವಾರ್ಷಿಕ ಕೆಲಸಗಳು. ಜಾತಿಯ ಹೆಸರಿನ ಸಂಘಗಳೆಂದು ನಾವು ಮೂಗು ಮುರಿಯುವ ಮೊದಲು ಒಂದು ಮಾತು ನೆನಪಿಡಬೇಕು. ವಿಳಾಸವೇ ಇಲ್ಲದವನಿಗೆ ಈ ಊರಿನಲ್ಲಿ ಮೊದಲ ವಿಳಾಸ ಕೊಟ್ಟದ್ದು ಅವೇ.

ಆದರೆ ಈ ವ್ಯವಸ್ಥೆಗೆ ಒಂದು ಗೋಡೆಯಿತ್ತು. ನಮ್ಮವರಿಗೆ ನಾವು, ಅವರಿಗೆ ಅವರು. ಗೋಡೆಯಾಚೆಯ ನೆರೆಯವನಿಗೆ ಯಾರು?

ಈ ಪ್ರಶ್ನೆ ಬೆಂಕಿಯಾಗಿ ಎದುರು ನಿಂತದ್ದು ಜೋಗೇಶ್ವರಿಯಲ್ಲೇ. 1993ರ ಜನವರಿ 8ರ ನಡುರಾತ್ರಿ, ರಾಧಾಬಾಯಿ ಚಾಳ್ ಎಂದು ಕರೆಯಲಾಗುವ ಚಾಳಿನಲ್ಲಿ ಮನೆಗಳಿಗೆ ಹೊರಗಿನಿಂದ ಚಿಲಕ ಹಾಕಿ ಬೆಂಕಿ ಇಡಲಾಯಿತು. ಆರು ಮಂದಿ ಹಿಂದೂಗಳು ಸುಟ್ಟು ಸತ್ತರು. ಅವರಲ್ಲಿ ಒಬ್ಬಳು ಅಂಗವಿಕಲ ಹುಡುಗಿ. ಆ ಸುದ್ದಿ ನಗರವನ್ನು ಇನ್ನಷ್ಟು ಕೆರಳಿಸಿತು. 1992ರ ಡಿಸೆಂಬರ್ ಮತ್ತು 1993ರ ಜನವರಿಯ ಗಲಭೆಗಳಲ್ಲಿ ಸತ್ತವರು 900 ಮಂದಿ. ಅವರಲ್ಲಿ 575 ಮುಸ್ಲಿಮರು, 275 ಹಿಂದೂಗಳು. ಈ ಲೆಕ್ಕವನ್ನು ನಮ್ಮ ಮುಂದಿಟ್ಟದ್ದು ಬೆಂಗಳೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಆಯೋಗ. 1996ರಲ್ಲಿ ಸರಕಾರ ಆಯೋಗವನ್ನೇ ಮುಚ್ಚಿತು, ಕೆಲವೇ ತಿಂಗಳಲ್ಲಿ ಮತ್ತೆ ಜೀವ ಕೊಟ್ಟಿತು. 1998ರ ಫೆಬ್ರವರಿಯಲ್ಲಿ ಅವರು ವರದಿ ಒಪ್ಪಿಸಿದರು.

ಗಲಭೆಯ ನಂತರ ಜೂಲಿಯೋ ರಿಬೇರೊ, ಅಂದಿನ ಪೊಲೀಸ್ ಕಮಿಷನರ್ ಸತೀಶ್ ಸಾಹನಿ, ಸುಶೋಭಾ ಬರ್ವೆ ಮೊದಲಾದವರು ಮೊಹಲ್ಲಾ ಸಮಿತಿಗಳನ್ನು ಬೆಳೆಸಿದರು. ಗಲ್ಲಿಯ ಎರಡೂ ಕಡೆಯವರು, ಠಾಣೆಯ ಪೊಲೀಸರು ಒಟ್ಟಿಗೆ ಕುಳಿತು ನೀರು, ಗಟಾರ, ಹಬ್ಬದ ಮೆರವಣಿಗೆಯ ಮಾತನಾಡಿದರು. ಒಟ್ಟಿಗೆ ಕ್ರಿಕೆಟ್ ಆಡಿದರು. ಹೆಸರು ಗೊತ್ತಿರುವವನ ಬಗ್ಗೆ ಹಬ್ಬಿದ ವದಂತಿಯನ್ನು ಮನುಷ್ಯ ಅಷ್ಟು ಬೇಗ ನಂಬುವುದಿಲ್ಲ ಎಂಬ ಸರಳ ಸತ್ಯದ ಮೇಲೆ ಆ ಕೆಲಸ ನಿಂತಿತ್ತು. 1984ರಲ್ಲಿ ಹುಟ್ಟಿದ ಯುವಾ ಸಂಸ್ಥೆಯಂತೂ ಗಲಭೆಗೆ ಎಷ್ಟೋ ಮೊದಲೇ ಜೋಗೇಶ್ವರಿಯ ಬಸ್ತಿಗಳಲ್ಲಿ ಯುವಕರ ನಡುವೆ ಕೆಲಸ ಶುರುಮಾಡಿತ್ತು. ಅಲ್ಲಿ ಸಹಾಯ ಪಡೆಯಲು ಜಾತಿ ಹೇಳಬೇಕಿರಲಿಲ್ಲ. ಆ ಬಸ್ತಿಯವನಾಗಿದ್ದರೆ ಸಾಕಿತ್ತು.

ಈಗ ಇಂದಿನ ಮಾತಿಗೆ ಬರೋಣ. ಬೆಳಿಗ್ಗೆ ಕೂಲಿಗಾಗಿ ನಾಕಾಗಳಲ್ಲಿ ನಿಲ್ಲುವವರ ಹತ್ತಿರ ಹೋಗಿ ಕಿವಿಗೊಡಿ. ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ ಕೇಳಿಸುತ್ತದೆ. ಅವರೂ ನಮ್ಮವರೇ. ಆದರೆ ಕರಾವಳಿಯ ಸಂಘಗಳ ಸದಸ್ಯತ್ವ ಪುಸ್ತಕದಲ್ಲಿ ಅವರ ಹೆಸರಿಲ್ಲ. ಅವರಿಗೆ ಕಾನೂನಿನ ಆಸರೆ ಇಲ್ಲವೆಂದಲ್ಲ. ಕಟ್ಟಡ ಕಾರ್ಮಿಕರಿಗೆಂದೇ 1996ರಲ್ಲಿ ಕೇಂದ್ರ ಕಾಯಿದೆ ಬಂತು. ಕಲ್ಯಾಣ ಮಂಡಳಿಯ ಸವಲತ್ತು ಸಿಗಬೇಕಾದರೆ ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿರಬೇಕು, ಅದಕ್ಕೆ ಪುರಾವೆಯೂ ಬೇಕು. ಇಂದು ಒಬ್ಬ ಮುಕಾದಮ, ನಾಳೆ ಇನ್ನೊಬ್ಬ. ಪುರಾವೆಯ ಕಾಗದಕ್ಕೆ ಸಹಿ ಹಾಕುವವರು ಯಾರು? ನೂರು ವರ್ಷದ ಹಿಂದಿನ ಪ್ರಶ್ನೆಯೇ ಮತ್ತೆ ಬಂದು ನಿಂತಿತು ನೋಡಿ.

ಇನ್ನೊಂದು ವಿಷಯ. 2020ರ ಜನವರಿ 1ರಿಂದ ಮಹಾರಾಷ್ಟ್ರ, ಕರ್ನಾಟಕ ಸೇರಿದಂತೆ 12 ರಾಜ್ಯಗಳಲ್ಲಿ ಒಂದು ರಾಜ್ಯದ ರೇಷನ್ ಕಾರ್ಡ್ ಇನ್ನೊಂದು ರಾಜ್ಯದಲ್ಲಿ ನಡೆಯುವಂತಾಯಿತು. ಮುಂದೆ ಅದು ದೇಶಕ್ಕೆಲ್ಲ ಹಬ್ಬಿತು. ಆಹಾರ ಭದ್ರತಾ ಕಾಯಿದೆಯಡಿಯ ಕಾರ್ಡಿಗೆ ಆಧಾರ್ ಜೋಡಣೆಯಾಗಿದ್ದರೆ ಕಲಬುರಗಿಯ ಕುಟುಂಬ ತನ್ನ ಪಾಲಿನ ಧಾನ್ಯವನ್ನು ಜೋಗೇಶ್ವರಿಯ ಅಂಗಡಿಯಲ್ಲೇ ಪಡೆಯಬಹುದು. ಊರಿನಲ್ಲಿ ಉಳಿದವರ ಪಾಲು ಊರಿನಲ್ಲೇ ಸಿಗುತ್ತದೆ. ಇದು ಗೊತ್ತಿಲ್ಲದೆ ಪೇಟೆಯ ದರ ಕೊಟ್ಟು ಅಕ್ಕಿ ಕೊಳ್ಳುವವರು ನಿಮ್ಮ ಕಟ್ಟಡದ ಎದುರಿನ ಕೆಲಸದಲ್ಲೇ ಇರಬಹುದು.

ಕೇಳುಗ ಬಂಧುಗಳೇ, ಹೊಸದೊಂದು ಸಂಘ ಕಟ್ಟಿ ಎಂದು ನಾವು ಹೇಳುತ್ತಿಲ್ಲ. ಇರುವ ಸಂಘದ ಕಚೇರಿಯಲ್ಲಿ ವಾರಕ್ಕೊಂದು ಸಂಜೆ, ಅರ್ಜಿ ತುಂಬಲು ಬಾರದವರಿಗಾಗಿ ಒಂದು ಮೇಜು ಹಾಕಿದರೆ ಸಾಕು. ಅಲ್ಲಿ ಕುಳಿತವರು ಬಂದವನ ಹೆಸರು ಕೇಳಲಿ, ಕಷ್ಟ ಕೇಳಲಿ, ಕುಲ ಕೇಳದಿರಲಿ. ರಾತ್ರಿ ಶಾಲೆಯ ಬೆಂಚಿನಿಂದ ಮೇಲೆ ಬಂದ ಸಮಾಜಕ್ಕೆ ಆ ಒಂದು ಸಂಜೆ ಹೊರೆಯಾಗಲಾರದು.