ಪಾದರಸದ ಹನಿಯೂ ಒಂದು ಮೌಖಿಕ ಪರೀಕ್ಷೆಯೂ

ಪರೀಕ್ಷೆಯಲ್ಲಿ ಕೇಳಿದ ಪ್ರಶ್ನೆಯನ್ನು ಪರೀಕ್ಷೆ ಮುಗಿದೊಡನೆ ಮರೆಯುವುದು ಲೋಕದ ವಾಡಿಕೆ. ಪ್ರಾಗ್ ನಗರದ ರಸಾಯನ ವಿಜ್ಞಾನಿ ಯಾರೊಸ್ಲಾವ್ ಹೆಯ್ರೋವ್‌ಸ್ಕಿಯವರು ಹಾಗೆ ಮರೆಯಲಿಲ್ಲ. 1918ರಲ್ಲಿ ಅವರ ಡಾಕ್ಟೊರೇಟ್ ಪದವಿಯ ಮೌಖಿಕ ಪರೀಕ್ಷೆ ನಡೆದಾಗ, ಭೌತವಿಜ್ಞಾನದ ಪ್ರಾಧ್ಯಾಪಕ ಬೊಹುಮಿಲ್ ಕುಚೇರಾ ಅವರು ಪಾದರಸವನ್ನು ಕುರಿತು ಪ್ರಶ್ನೆ ಹಾಕಿದರು. ಗಾಜಿನ ಸೂಕ್ಷ್ಮನಾಳದಿಂದ ದ್ರಾವಣದೊಳಕ್ಕೆ ತೊಟ್ಟಿಕ್ಕುವ ಪಾದರಸದ ಹನಿಗಳನ್ನು ತೂಗಿ, ವಿದ್ಯುತ್ತಿನ ಒತ್ತಡಕ್ಕೆ ತಕ್ಕಂತೆ ಅದರ ಮೇಲ್ಮೈಯ ಸೆಳೆತ ಹೇಗೆ ಬದಲಾಗುವುದೆಂದು ಕುಚೇರಾ ಅಳೆದಿದ್ದರು. ಆ ಅಳತೆಯಲ್ಲಿ ಒಂದು ತೊಡಕು ಕಾಣಿಸಿಕೊಂಡಿತ್ತು. ಅದನ್ನು ಬಿಡಿಸಬಾರದೇಕೆ ಎಂದು ಅಭ್ಯರ್ಥಿಯನ್ನೇ ತಮ್ಮ ಪ್ರಯೋಗಶಾಲೆಗೆ ಕರೆದರು.

ಹೆಯ್ರೋವ್‌ಸ್ಕಿ ಹುಟ್ಟಿದ್ದು 1890ರಲ್ಲಿ. ತಂದೆ ರೋಮನ್ ನ್ಯಾಯಶಾಸ್ತ್ರದ ಪ್ರಾಧ್ಯಾಪಕರು. ಮಗ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದಿ 1913ರಲ್ಲಿ ಬಿ.ಎಸ್‌ಸಿ. ಪಡೆದರು. ಮೊದಲನೆಯ ಮಹಾಯುದ್ಧ ಬಂದಾಗ ಸೈನ್ಯದ ಆಸ್ಪತ್ರೆಯಲ್ಲಿ ಔಷಧ ಕೂಡಿಸುವ ಕೆಲಸಕ್ಕೆ ನಿಂತರು.

ಹನಿ ತೂಗುವುದು ತಾಳ್ಮೆಗೆಡಿಸುವ ಕೆಲಸ. 1921ರಲ್ಲಿ ಕುಚೇರಾ ತೀರಿಕೊಂಡರು. 1922ರ ಫೆಬ್ರವರಿಯಲ್ಲಿ ಹೆಯ್ರೋವ್‌ಸ್ಕಿ, ಹನಿಯ ತೂಕದ ಕಡೆಯಿಂದ ಗಮನ ತಿರುಗಿಸಿ, ಅದರ ಮೂಲಕ ಹರಿಯುವ ವಿದ್ಯುತ್ಪ್ರವಾಹವನ್ನೇ ಅಳೆದರು. ಹುಡುಕಿದ್ದಕ್ಕಿಂತ ದೊಡ್ಡದೊಂದು ಕೈಗೆ ಸಿಕ್ಕಿತು. ಪ್ರಶ್ನೆ ಹಾಕಿದ ಗುರುಗಳು ಅದನ್ನು ಕಾಣಲಿಲ್ಲ.

ಸಿಕ್ಕಿದ್ದೇನು? ದ್ರಾವಣದಲ್ಲಿ ತಾಮ್ರ, ಸೀಸ, ಸತು ಮೂರೂ ಬೆರೆತಿವೆಯೆನ್ನೋಣ. ಒತ್ತಡವನ್ನು ಮೆಲ್ಲಮೆಲ್ಲನೆ ಏರಿಸಿದರೆ ಮೊದಲು ತಾಮ್ರ, ಆಮೇಲೆ ಸೀಸ, ಕೊನೆಗೆ ಸತು, ಒಂದೊಂದೂ ತನ್ನ ಸರದಿ ಬಂದಾಗ ಪಾದರಸದ ಹನಿಯ ಬಳಿ ವಿದ್ಯುತ್ತನ್ನು ಸ್ವೀಕರಿಸುತ್ತದೆ. ಪ್ರತಿ ಸಲವೂ ಪ್ರವಾಹ ಒಂದು ಮೆಟ್ಟಿಲಿನಂತೆ ಏರುತ್ತದೆ. ಮೆಟ್ಟಿಲು ಎಲ್ಲಿದೆಯೆಂಬುದರಿಂದ ಲೋಹ ಯಾವುದೆಂದು ತಿಳಿಯಿತು. ಎಷ್ಟು ಎತ್ತರವೆಂಬುದರಿಂದ ಅದು ಎಷ್ಟಿದೆಯೆಂದು ತಿಳಿಯಿತು. ಹನಿ ಉದುರಿದೊಡನೆ ಹೊಸ ಹನಿ ಬರುವುದರಿಂದ ಮೇಲ್ಮೈ ಸದಾ ಶುಚಿ. ದ್ರಾವಣವೂ ಹೆಚ್ಚುಕಡಿಮೆ ಇದ್ದಂತೆಯೇ ಉಳಿಯುತ್ತದೆ. ಬೇರ್ಪಡಿಸಿ, ಸೋಸಿ, ಒಣಗಿಸಿ ತೂಗುವ ಹಳೆಯ ಕ್ರಮವನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಕೈಯಿಂದ ಒಂದು ರೇಖೆ ಬರೆಯಲು ಗಂಟೆಗೂ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಜಪಾನಿನಿಂದ ಬಂದಿದ್ದ ಮಸುಜೊ ಶಿಕಾತಾ ಅವರೊಡನೆ ಕೂಡಿ, ಆ ರೇಖೆಯನ್ನು ಛಾಯಾಚಿತ್ರದ ಕಾಗದದ ಮೇಲೆ ತಾನಾಗಿ ಮೂಡಿಸುವ ಪೋಲರೊಗ್ರಾಫ್ ಯಂತ್ರವನ್ನು ಕಟ್ಟಿ, 1925ರಲ್ಲಿ ಅದರ ವಿವರವನ್ನು ಪ್ರಕಟಿಸಿದರು.

1926ರಲ್ಲಿ ಹೆಯ್ರೋವ್‌ಸ್ಕಿ ಚಾರ್ಲ್ಸ್ ವಿಶ್ವವಿದ್ಯಾಲಯದಲ್ಲಿ ಭೌತರಸಾಯನದ ಪೂರ್ಣ ಪ್ರಾಧ್ಯಾಪಕರಾದರು. 1939ರಲ್ಲಿ ನಾಟ್ಸಿಗಳು ಚೆಕ್ ವಿಶ್ವವಿದ್ಯಾಲಯಗಳನ್ನು ಮುಚ್ಚಿಸಿದಾಗಲೂ, ಬೋಮ್ ಎಂಬ ಜರ್ಮನ್ ಪ್ರಾಧ್ಯಾಪಕರ ನೆರವಿನಿಂದ ಪ್ರಯೋಗ ನಿಲ್ಲಲಿಲ್ಲ. 1959ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. 1967ರಲ್ಲಿ ಅವರು ನಿಧನರಾದರು.

ಪಾದರಸದ ವಿಷಕ್ಕೆ ಅಂಜಿ ಈಗ ಅನೇಕ ಪ್ರಯೋಗಶಾಲೆಗಳು ಇಂಗಾಲ, ಚಿನ್ನ, ಬಿಸ್ಮತ್‌ಗಳತ್ತ ತಿರುಗಿವೆ. ನೀರಿನಲ್ಲಿ ಸೀಸವಿದೆಯೇ ಎಂದು ಹೀಗೆ ಪರೀಕ್ಷಿಸುವವರು ಇಂದಿಗೂ ಓದುವುದು ಒತ್ತಡ, ಪ್ರವಾಹಗಳ ರೇಖೆಯನ್ನೇ.